ಗುತ್ತೆವ್ವ ಬಚ್ಚಿಟ್ಟ ಪಂಪು

ಸುಗ್ಗಿ ಬಂತೆಂದರೆ ಬ್ಯಾಡಗಿಯಲ್ಲಿ ನೆಲವೆಲ್ಲ ಕೆಂಪು. ಅಂಗಳ, ಮಾಳಿಗೆ, ರಸ್ತೆಯ ಬದಿ, ಎಲ್ಲಿ ನೋಡಿದರೂ ಮೆಣಸಿನಕಾಯಿ. ಬಸ್ಸಿನಿಂದ ಇಳಿದವನು ಸೀನಿದನೆಂದರೆ ಅವನು ಪರ ಊರಿನವನೆಂದು ಚಹಾದಂಗಡಿಯವನು ತಲೆ ಎತ್ತದೆಯೇ ಹೇಳುತ್ತಾನೆ. ಊರವರು ಸೀನುವುದಿಲ್ಲ. ಸೀನಿದರೆ ಮರ್ಯಾದೆಗೆ ಕಡಿಮೆ.

ಈ ವಿಷಯದಲ್ಲಿ ಗುತ್ತೆವ್ವನಿಗೆ ಜಂಬ ತುಸು ಹೆಚ್ಚೇ. ಮದುವೆಯಾಗಿ ಬಂದಾಗಿನಿಂದ ದಲಾಲಿ ಅಂಗಡಿಯಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿದ ಹೆಂಗಸು ಆಕೆ. "ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕ ಹೆಸರಾಗೈತಿ, ಖಾರಕ್ಕಲ್ಲ. ಇದರ ಘಾಟಿಗೆ ಕೆಮ್ಮೋರು ಹಾಲು ಕುಡದ್ರೂ ಕೆಮ್ಮತಾರ" ಎಂದು ನಗುತ್ತಿದ್ದಳು.

ಅಂಥವಳ ಹೊಟ್ಟೆಯಲ್ಲೇ ದ್ರಾಕ್ಷಾಯಿಣಿ ಹುಟ್ಟಿದ್ದಳು. ಆ ಹುಡುಗಿಗೆ ಚಿಕ್ಕಂದಿನಿಂದ ಕೆಮ್ಮು. ಒಗ್ಗರಣೆಗೆ ಕೆಮ್ಮು, ಚಳಿಗಾಳಿಗೆ ಕೆಮ್ಮು, ಹೊಟ್ಟೆ ತುಂಬ ನಕ್ಕರೂ ಕೆಮ್ಮು. ಬೈದರಂತೂ ಎದೆಯೊಳಗೆ ಸುಂಯ್ ಸುಂಯ್ ಎಂದು ಸಿಳ್ಳೆ. ಈ ಕೊನೆಯದು ಗುತ್ತೆವ್ವನಿಗೆ ಎಂದೂ ಒಪ್ಪಿಗೆಯಾಗಲಿಲ್ಲ.

"ಧೂಳಿಗೆ ದಮ್ಮ ಬಂದ್ರ ಖರೇ ಅಂತೇನಿ. ಬೈದ್ರ ದಮ್ಮ ಬರ್ತೈತಿ ಅಂದ್ರ ಅದು ನಾಟಕ. ಬೈಗಳದಾಗ ಧೂಳ ಇರ್ತೈತೇನು?"

ದ್ರಾಕ್ಷಾಯಿಣಿಯನ್ನು ರಾಣೆಬೆನ್ನೂರಿಗೆ ಕೊಟ್ಟರು. ಗಂಡ ಶಂಭುಲಿಂಗ ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದ. ಹೆಂಡತಿಯ ಎದೆಯ ಸಿಳ್ಳೆ ಕೇಳಿದವನು ಸುಮ್ಮನಿರದೆ ಡಾಕ್ಟರ ಹತ್ತಿರ ಕರೆದೊಯ್ದ. ಅಸ್ತಮಾ ಎಂದು ಗೊತ್ತಾಯಿತು. ಎರಡು ಪಂಪು ಬಂದವು. ಒಂದು ದಿನಾ ಮುಂಜಾನೆ ಸಂಜೆ ಬಾಯಿಂದ ಎಳೆದುಕೊಳ್ಳಲಿಕ್ಕೆ. ಇನ್ನೊಂದು, ನೀಲಿ ಬಣ್ಣದ್ದು, ಉಸಿರು ಕಟ್ಟಿದಾಗ ಬೇಗ ಬಿಡಿಸಲಿಕ್ಕೆ. ವರ್ಷದೊಳಗೆ ದ್ರಾಕ್ಷಾಯಿಣಿ ಹೊಟ್ಟೆ ತುಂಬ ನಗುವುದನ್ನು ಕಲಿತಳು. ಬಸಿರಾದಳು. ಏಳನೇ ತಿಂಗಳಿಗೆ ಕುಬುಸ, ಅಂದರೆ ಸೀಮಂತ, ಮಾಡಿಸಿಕೊಳ್ಳಲು ತವರಿಗೆ ಬಂದಳು.

ಬಂದ ದಿನವೇ ಗುತ್ತೆವ್ವ ಮಗಳ ಚೀಲದಲ್ಲಿ ಆ ಪಂಪುಗಳನ್ನು ಕಂಡಳು. ಬಸುರಿ ಹೆಂಗಸು ಔಷಧಿಯ ಗಾಳಿ ಎಳೆದುಕೊಂಡರೆ ಕೂಸಿನ ಎದೆಗೆ ಹತ್ತುತ್ತದೆ ಎಂದು ತೊಟ್ಟು ಮುರಿಯುವಲ್ಲಿ ಯಾರೋ ಅಂದಿದ್ದರು. ಯಾರು ಅಂದರು, ಅವರಿಗೆ ಯಾರು ಹೇಳಿದರು, ಅದನ್ನು ಗುತ್ತೆವ್ವ ಕೇಳಲಿಲ್ಲ. ಮಗಳು ಜಳಕಕ್ಕೆ ಹೋದಾಗ ಎರಡೂ ಪಂಪು ತೆಗೆದು ಜೋಳದ ಡಬ್ಬಿಯೊಳಗೆ ಹುಗಿದಿಟ್ಟಳು.

ದ್ರಾಕ್ಷಾಯಿಣಿ ಚೀಲ ತಡಕಾಡಿ ಸುಸ್ತಾದಳು. "ಅವ್ವಾ, ನನ್ನ ಪಂಪ ಕಂಡಿ ಏನು?"

"ನಾ ಯಾಕ ಕಾಣ್ಲಿ? ಬಸ್ಸಿನಾಗ ಬಿದ್ದಿರಬೇಕು. ಹೋದ್ರ ಹೋತು ಬಿಡು. ತವರಮನಿ ಗಾಳಿಗೆ ಎಲ್ಲಾ ಆರಾಮ ಆಗ್ತೈತಿ."

ಮಗಳು ಕಾಯಿನ್ ಬೂತಿನಿಂದ ಗಂಡನಿಗೆ ಫೋನು ಮಾಡಿದಳು. ಹೊಸ ಪಂಪು ತರುತ್ತೇನೆ, ರವಿವಾರದ ತನಕ ತಡೆದುಕೋ ಎಂದ. ಆದರೆ ಕುಬುಸ ಇದ್ದದ್ದು ಶುಕ್ರವಾರ.

ಕುಬುಸ ಸುಸೂತ್ರ ಮುಗಿಯಿತು. ಹಸಿರು ಸೀರೆ, ಹಸಿರು ಬಳೆ, ತಲೆ ತುಂಬ ಹೂವು. ಮುತ್ತೈದೆಯರು ಉಡಿ ತುಂಬಿ, ಉಂಡು, ಎಲೆ ಅಡಿಕೆ ಹಾಕಿಕೊಂಡು ಹೋದರು. ಮನೆಯಲ್ಲಿ ತಾಯಿ ಮಗಳು ಇಬ್ಬರೇ ಉಳಿದರು. ಗುತ್ತೆವ್ವನ ಗಂಡ ಗುಡದಪ್ಪ ದೂರದ ನೆಂಟರನ್ನು ಬಸ್ಸಿಗೆ ಹತ್ತಿಸಲು ಹೋಗಿದ್ದ. ದ್ರಾಕ್ಷಾಯಿಣಿ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಬಾಡಿತ್ತು. ಪಂಪಿಲ್ಲದೆ ನಾಲ್ಕೈದು ದಿನವಾಗಿ ಎದೆ ಆಗಲೇ ಬಿಗಿಯತೊಡಗಿತ್ತು. ಗುತ್ತೆವ್ವನಿಗೆ ಮಾತ್ರ ಬೇರೆಯೇ ಕಂಡಿತು.

"ಎಷ್ಟ ಮಂದಿ ಬಂದು ನೋಡಿ ಹೋದ್ರು! ನೆದರ ಬಿದ್ದೈತಿ ನಿನಗ. ಕುಂದ್ರು, ದೃಷ್ಟಿ ತೆಗೀತೇನಿ."

"ಅವ್ವಾ, ಹೊಗಿ ಮಾಡಬ್ಯಾಡ. ನನಗ ಆಗಂಗಿಲ್ಲ."

"ಬ್ಯಾಡಗಿ ಕಾಯಿ ಸುಡತೇನಿ, ಗುಂಟೂರ ಕಾಯಿ ಅಲ್ಲ. ಬಾಯಿ ಮುಚ್ಚಿಕೊಂಡು ಕುಂದ್ರು."

ಒಡಕು ಗಡಿಗೆಯಲ್ಲಿ ಕೆಂಡ ತುಂಬಿಕೊಂಡು ಬಂದಳು. ಉಪ್ಪು, ಸಾಸಿವೆ, ಬಾಗಿಲ ಮಣ್ಣು, ನಾಲ್ಕು ಮೆಣಸಿನಕಾಯಿ. ಮಗಳ ಮುಖದ ಸುತ್ತ ಇಳಿಸಿ ಕೆಂಡಕ್ಕೆ ಹಾಕಿದಳು. ಗಾಳಿಗೆ ಹೊಗೆ ಚದುರಬಾರದೆಂದು ಬಾಗಿಲನ್ನೂ ಮುಚ್ಚಿದಳು. ಸುಟ್ಟ ಕಾಯಿಯ ಘಾಟು ಮೂಗಿಗೆ ಹತ್ತಿದರೆ ದೃಷ್ಟಿಯಿಲ್ಲ, ಹತ್ತದಿದ್ದರೆ ದೃಷ್ಟಿ ಬಿದ್ದಿದೆ ಎಂಬುದು ಹಳೆಯ ಲೆಕ್ಕ. ಗುತ್ತೆವ್ವ ಮೂಗರಳಿಸಿ ಎಳೆದಳು. ಏನೂ ಇಲ್ಲ. ಆಕೆಯ ಮೂಗಿಗೆ ಘಾಟು ಹತ್ತಿ ಯಾವ ಕಾಲವಾಗಿತ್ತೋ!

"ನೋಡಿದ್ಯಾ? ಘಾಟು ಅನ್ನೋದ ಇಲ್ಲ. ಎಂಥಾ ಕೆಟ್ಟ ಕಣ್ಣು ಬಿದ್ದಾವು!" ಎಂದು ಇನ್ನೊಂದು ಹಿಡಿ ಮೆಣಸಿನಕಾಯಿ ಸುರಿದಳು.

ದ್ರಾಕ್ಷಾಯಿಣಿ ಕೆಮ್ಮತೊಡಗಿದಳು. ಕೆಮ್ಮಿನ ಮೇಲೆ ಕೆಮ್ಮು. "ಅವ್ವಾ... ಬಾಗಲಾ... ತೆಗಿ."

"ಹಠ ಮಾಡಬ್ಯಾಡ. ಆತು, ಮುಗೀತು."

"ಅವ್ವಾ..."

"ಸಣ್ಣಾಕಿದ್ದಾಗಿಂದ ಇದ ನಾಟಕ ನಿಂದು!"

ಬೈಗುಳ ಬಾಯಿಂದ ಹೊರಬಿದ್ದದ್ದೇ ತಡ, ಮಗಳ ಎದೆಯ ಸಿಳ್ಳೆ ಕೋಣೆಗೆಲ್ಲ ಕೇಳಿಸಿತು. ಎರಡೂ ಕೈ ಮೊಣಕಾಲ ಮೇಲೆ ಊರಿ ಮುಂದಕ್ಕೆ ಬಾಗಿದಳು. ಹೆಗಲು ಮೇಲಕ್ಕೂ ಕೆಳಕ್ಕೂ ಎಳೆಯುತ್ತಿದ್ದವು. ಕುತ್ತಿಗೆಯ ಗುಂಡಿ ಒಳಕ್ಕೆ ಕುಸಿಯುತ್ತಿತ್ತು. ಮಾತು ಬರುತ್ತಿರಲಿಲ್ಲ. ತುಟಿಯ ಬಣ್ಣ ಯಾಕೋ ಬೇರೆಯಾಗುತ್ತಿದೆ ಅನ್ನಿಸಿದಾಗ ಗುತ್ತೆವ್ವ ಗಡಿಗೆಯನ್ನು ಮಗಳಿಂದ ದೂರಕ್ಕೆ ಹಿಡಿದಳು. ಇದು ನಾಟಕವಲ್ಲ. ಇಂಥ ನಾಟಕ ಯಾರಿಗೂ ಆಡಲು ಬರುವುದಿಲ್ಲ.

ಅಷ್ಟರಲ್ಲಿ ಕೆಮ್ಮು ಕೇಳಿ ಪಕ್ಕದ ಮನೆಯ ಸೈದಾಬಿ ಬಾಗಿಲು ದೂಡಿ ಒಳಗೆ ಬಂದಳು. ಗುತ್ತೆವ್ವನ ಜೊತೆಗೇ ತೊಟ್ಟು ಮುರಿಯುವ ಗೆಳತಿ ಆಕೆ. ಬಂದವಳೇ ಸೆರಗು ಮೂಗಿಗೆ ಹಿಡಿದು, ಕೆಂಡದ ಗಡಿಗೆ ಕಸಿದು ಅಂಗಳಕ್ಕೆ ಒಯ್ದು ನೀರು ಸುರಿದಳು. ಕಿಟಕಿ ತೆರೆದಳು.

"ಯಾ ಅಲ್ಲಾ! ಗುತ್ತೆವ್ವಕ್ಕ, ಹುಡುಗಿ ಮಾರಿ ನೋಡು! ಈಕಿ ಪಂಪ ಎಲ್ಲೈತಿ?"

ದ್ರಾಕ್ಷಾಯಿಣಿ ಇಲ್ಲವೆಂದು ಕೈ ಆಡಿಸಿದಳು. ಬಸ್ಸಿನಲ್ಲಿ ಹೋಯಿತು ಎನ್ನಲು ನೋಡಿದಳು. 'ಬ' ಎಂಬ ಅಕ್ಷರಕ್ಕೂ ಉಸಿರು ಸಾಲಲಿಲ್ಲ.

ಗುತ್ತೆವ್ವ ನಿಂತಲ್ಲೇ ನಿಂತಿದ್ದಳು. ಹೇಳಿದರೆ ಮಾನ ಹೋಗುತ್ತದೆ. ನಾಳೆ ಬೀಗರಿಗೆ ಗೊತ್ತಾಗುತ್ತದೆ, ಅಳಿಯನಿಗೆ ಗೊತ್ತಾಗುತ್ತದೆ, ಓಣಿಯೆಲ್ಲ ಆಡಿಕೊಳ್ಳುತ್ತದೆ. ಹೇಳದಿದ್ದರೆ? ಮಗಳು ತಲೆ ಎತ್ತಿ ತಾಯಿಯ ಕಡೆಗೇ ನೋಡಿದಳು. ಬೇರೆ ಯಾರ ಕಡೆಗೂ ಅಲ್ಲ. ಮುಳುಗುವವರು ದಂಡೆಯ ಮೇಲಿದ್ದವರನ್ನು ಹಾಗೆ ನೋಡುತ್ತಾರೆ.

ಗುತ್ತೆವ್ವ ಅಡುಗೆಮನೆಗೆ ಓಡಿ ಜೋಳದ ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿದಳು. ಜೋಳ ಮನೆ ತುಂಬ ಚೆಲ್ಲಿತು. ಅದರ ನಡುವೆ ನೀಲಿ ಪಂಪು ಉರುಳಿ ಬಂತು.

ಸೈದಾಬಿ ನೋಡಿದಳು. ಪಂಪು ಎತ್ತಿ ದ್ರಾಕ್ಷಾಯಿಣಿಯ ಬಾಯಿಗಿಟ್ಟು ಒತ್ತಿದರೂ ಆಕೆಗೆ ಎಳೆದುಕೊಳ್ಳಲಾಗದ್ದನ್ನು ಕಂಡಳು. ಹೊರಗೆ ಓಡಿ, ಹಿಂದಿನ ಓಣಿಯ ನರ್ಸಬಾಯಿ ಗದಿಗೆವ್ವನನ್ನು ಕರೆತಂದಳು. ಕುಬುಸದ ಊಟ ಮುಗಿಸಿ ಆಗಷ್ಟೇ ಮನೆಗೆ ಹೋಗಿದ್ದವರು ಬರಿಗಾಲಲ್ಲೇ ಬಂದರು.

ಗುತ್ತೆವ್ವ ಮಗಳನ್ನು ಮಲಗಿಸಲು ಹಾಸಿಗೆ ಬಿಚ್ಚುತ್ತಿದ್ದಳು. "ಮಲಗಿಸಬ್ಯಾಡ್ರಿ!" ಎಂದು ನರ್ಸಬಾಯಿ ಕೂಗಿದರು. "ಮಲಗಿದ್ರ ಉಸಿರು ಇನ್ನಷ್ಟ ಕಟ್ಟತೈತಿ. ನೆಟ್ಟಗ ಕುಂದ್ರಸ್ರಿ, ಸ್ವಲ್ಪ ಮುಂದ ಬಾಗಲಿ. ಕುಬುಸದ ಗುಂಡಿ ಸಡಲ ಮಾಡ್ರಿ. ಎಲ್ಲಾರೂ ಮ್ಯಾಲ ಬಿದ್ದು ನಿಂದರಬ್ಯಾಡ್ರಿ, ಗಾಳಿ ಬರ್ಲಿ."

ಪಂಪು ಅಲುಗಾಡಿಸಿದರು. ಔಷಧಿ ಒಮ್ಮೆಲೆ ನುಗ್ಗದೆ ಸಾವಕಾಶ ಒಳಗೆ ಹೋಗಲೆಂದು, ನೀರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಹಿಡಿಸುವಷ್ಟು ತೂತು ಮಾಡಿ, ಅದರಲ್ಲಿ ಪಂಪು ಸಿಕ್ಕಿಸಿದರು. ಬಾಟಲಿಯ ಬಾಯಿಯನ್ನು ದ್ರಾಕ್ಷಾಯಿಣಿಯ ತುಟಿಗೆ ಇಟ್ಟರು. "ನಾ ಒತ್ತತೇನಿ, ನೀ ಸಾವಕಾಶ ಎಳಕೋ ತಂಗಿ. ಅಂಜಬ್ಯಾಡ. ನಾ ಇಲ್ಲೇ ಅದೇನಿ. ಹಾಂ, ಇನ್ನೊಮ್ಮೆ."

ಒಂದು ಸಲ ಒತ್ತುವುದು, ಮೂರು ನಾಲ್ಕು ಉಸಿರು ಎಳೆಸುವುದು, ಮತ್ತೆ ಒತ್ತುವುದು. ಗುತ್ತೆವ್ವ ಮಗಳ ಹೊಟ್ಟೆಯ ಮೇಲೆ ಕೈ ಇಟ್ಟು ಕುಳಿತಳು. ಒಳಗಿನ ಕೂಸು ಮಿಸುಕುವುದು ಆ ಗದ್ದಲದಲ್ಲಿ ತಿಳಿಯಲಿಲ್ಲ. ತಿಳಿಯದಿದ್ದದ್ದಕ್ಕೆ ಆಕೆಯ ಜೀವ ಅರ್ಧವಾಯಿತು. ಕೊನೆಗೆ ದ್ರಾಕ್ಷಾಯಿಣಿಯ ಬಾಯಿಂದ "ನೀರು" ಎಂಬ ಒಂದು ಮಾತು ಬಂತು.

"ಇಷ್ಟಕ್ಕ ಬಿಡಬಾರ್ದು. ಬಸುರಿ ಅದಾಳ, ಈಗಿಂದೀಗ ದವಾಖಾನಿಗೆ ನಡೀರಿ" ಎಂದರು ನರ್ಸಬಾಯಿ. ಸೈದಾಬಿ ರಸ್ತೆಯಲ್ಲಿ ಹೊರಟಿದ್ದ ಟಂಟಂ ಆಟೋ ತಡೆದು ನಿಲ್ಲಿಸಿದಳು. ದಾರಿಯುದ್ದಕ್ಕೂ ನರ್ಸಬಾಯಿ ಪಂಪು ಒತ್ತುತ್ತಲೇ ಇದ್ದರು.

ದವಾಖಾನೆಯಲ್ಲಿ ಆಮ್ಲಜನಕ ಹಚ್ಚಿದರು. ಮೂಗು ಬಾಯಿ ಮುಚ್ಚುವಂಥ ಮುಸುಕು ಕಟ್ಟಿ ಯಂತ್ರ ಚಾಲೂ ಮಾಡಿದರು. ಮುಸುಕಿನಿಂದ ಬೆಳ್ಳಗೆ ಏನೋ ಏಳುವುದನ್ನು ಕಂಡು ಗುತ್ತೆವ್ವ ಬಾಗಿಲಲ್ಲೇ ಚೀರಿದಳು. "ಮತ್ತ ಹೊಗಿ ಹಾಕಾಕತ್ತಾರಲ್ಲರೀ!"

"ಹೊಗಿ ಅಲ್ಲ, ಔಷಧಿ ನೀರಿನ ಹನಿ" ಎಂದು ನರ್ಸಬಾಯಿ ಆಕೆಯ ರಟ್ಟೆ ಹಿಡಿದು ಹೊರಗಿನ ಬೆಂಚಿಗೆ ಕರೆತಂದು ಕೂರಿಸಿದರು. ಡಾಕ್ಟರು ಹೊಟ್ಟೆಯ ಮೇಲೆ ಕೊಳವೆ ಇಟ್ಟು ಆಲಿಸುವುದು ಬಾಗಿಲ ಸಂದಿಯಿಂದ ಕಾಣಿಸುತ್ತಿತ್ತು. ಅವರು ಆಲಿಸುತ್ತಲೇ ಇದ್ದರು. ಗುತ್ತೆವ್ವ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಬಹಳ ಹೊತ್ತಿನ ಮೇಲೆ ಡಾಕ್ಟರು ಈ ಕಡೆ ತಿರುಗಿ ತಲೆ ಆಡಿಸಿದರು. ಕೂಸಿನ ಎದೆಬಡಿತ ಸರಿಯಾಗಿತ್ತು.

ಅಳು ಆಗ ಬಂತು. ಅತ್ತು ಮುಗಿದ ಮೇಲೆ ಹಟಮಾರಿಯಂತೆ ಮತ್ತೆ ಹಳೆಯ ಪ್ರಶ್ನೆಯೇ ಬಾಯಿಗೆ ಬಂತು. ಐವತ್ತು ವರ್ಷದ ತಿಳಿವಳಿಕೆ ಒಂದು ಸಂಜೆಗೆ ಹೋಗುತ್ತದೆಯೇ?

"ನರ್ಸಬಾಯಾರ, ಹೊಗಿಗೆ ಉಸಿರು ಕಟ್ಟಿತು, ಒಪ್ಪಿದೆ. ಬೈದ್ರ ಯಾಕ ಕಟ್ಟತೈತ್ರಿ? ಚಳಿಗಾಳಿಗೆ, ನಕ್ಕದ್ದಕ್ಕ ಯಾಕ ಕಟ್ಟತೈತಿ?"

"ಅದು ನರದ ಕೆಲಸ, ಯಕ್ಕಾ."

"ಹಾಂ! ನರ ಅಂದ್ರ ತಲಿದು. ನಾ ಹೇಳಿದ್ದೂ ಅದನ, ಮನಸಿನ ರೋಗ ಅಂತ."

ನರ್ಸಬಾಯಿ ಸಿಟ್ಟಾಗಲಿಲ್ಲ. "ನಿಮ್ಮ ಕೈ ಕೊಡ್ರಿ ಇಲ್ಲೆ" ಎಂದರು. ಗುತ್ತೆವ್ವನ ಬೆರಳುಗಳು ಮೆಣಸಿನಕಾಯಿಯ ಬಣ್ಣ ಹಿಡಿದು ಒರಟಾಗಿದ್ದವು. "ಮೊದಲ ತೊಟ್ಟು ಮುರಿಯೋ ಕೆಲಸಕ್ಕ ಹೋದಾಗ ಈ ಕೈ ಉರೀತಿದ್ವು, ಹೌದಲ್ಲ?"

ಉರಿ ಎಂದರೆ ಎಂಥ ಉರಿ! ಗುತ್ತೆವ್ವ ಹೊಸ ಸೊಸೆಯಾಗಿದ್ದಳು. ಕೈ ಬೆಂಕಿಯಲ್ಲಿ ಇಟ್ಟಂತಾಗಿ, ಮಜ್ಜಿಗೆಯಲ್ಲಿ ಅದ್ದಿಕೊಂಡು ಅತ್ತಿದ್ದಳು. ಆಗ ಅತ್ತೆ ಸೊಂಟದ ಮೇಲೆ ಕೈ ಇಟ್ಟು ಅಂದ ಮಾತು ಇನ್ನೂ ಕಿವಿಯಲ್ಲಿತ್ತು. ಕೈಯಾಗ ಬೆಂಕಿ ಎಲ್ಲೈತಿ ತೋರಸು, ಗುಳ್ಳಿ ಎಲ್ಲೈತಿ ತೋರಸು, ಕೆಲಸ ತಪ್ಪಸಾಕ ನಾಟಕ!

"ನಮ್ಮತ್ತಿ ನಾಟಕ ಅಂತಿದ್ಲರಿ" ಎಂದಳು ಸಣ್ಣ ದನಿಯಲ್ಲಿ.

"ಬೆಂಕಿ ಇರಲಿಲ್ಲ, ಆದ್ರ ಉರಿ ಖರೇ ಇತ್ತು. ಖಾರ ಹೋಗಿ ತೊಗಲಿನ ನರಕ್ಕ ತಾಗಿತು. ನರ ಮಿದುಳಿಗೆ, ಬೆಂಕಿ ಬಿದ್ದೈತಿ ಅಂತ ಸುದ್ದಿ ಕೊಡ್ತು. ಅಂಥಾವ ನರ ಉಸಿರಿನ ನಾಳದಾಗೂ ಅದಾವ. ಘಾಟು, ಹೊಗಿ, ಚಳಿಗಾಳಿ ತಾಗಿದ ಕೂಡ್ಲೆ ಅವು ಮಿದುಳಿಗೆ ಸುದ್ದಿ ಕೊಡ್ತಾವ. ಮಿದುಳು ಇನ್ನೊಂದು ನರದಾಗ ಹುಕುಂ ಕಳಸ್ತೈತಿ. ಕೆಮ್ಮು, ನಾಳ ಬಿಗಿ ಮಾಡು ಅಂತ. ಇದು ಎಲ್ಲಾರಿಗೂ ಐತಿ. ನಮಗ ಎರಡು ಸಲ ಕೆಮ್ಮಿದ್ರ ಮುಗೀತು. ದ್ರಾಕ್ಷಾಯಿಣಿಗೆ ಅಸ್ತಮಾ ಐತಿ. ನಾಳದ ಒಳಗ ಮೊದಲಿಂದನ ಬಾವು, ನರ ಕೆರಳಿ ಕುಂತಿರ್ತಾವ. ಇಷ್ಟು ತಾಗಿದ್ರ ಅಷ್ಟು ಬಿಗೀತಾವ."

"ಮತ್ತ ಬೈಗಳಾ?"

"ಅಂಜಿಕಿ, ಸಿಟ್ಟು, ಅಳು ಬಂದಾಗ ನಿಮ್ಮ ಎದಿ ಹೊಡಕೊಳ್ಳೋದಿಲ್ಲೇನು? ಅದೂ ನರದ ಕೆಲಸನ. ಆಕಿಗೆ ಅದ ದಾರಿಯಾಗ ನಾಳ ಬಿಗೀತೈತಿ, ಉಸಿರೂ ಏರುಪೇರು ಆಗ್ತೈತಿ. ಆಕಿ ಬೇಕಂತ ಮಾಡೋದಲ್ಲ. ಬ್ಯಾಡ ಅಂದ್ರೂ ನಿಲ್ಲೋದಲ್ಲ. ನಿಮ್ಮ ಕೈ ಉರಿ ಖರೇ ಆದ್ರ, ಆಕಿ ಉಸಿರೂ ಖರೇ."

ಗುತ್ತೆವ್ವ ತನ್ನ ಕೈಯನ್ನೇ ನೋಡುತ್ತ ಕುಳಿತಳು. "ನನಗ ಯಾಕ ಘಾಟ ಹತ್ತಲಿಲ್ಲ? ಅದಕ್ಕ ಇನ್ನೊಂದು ಹಿಡಿ ಹಾಕಿದೆ."

"ವರ್ಷಾನುಗಟ್ಟಲೆ ಖಾರ ತಾಗಿ ನಿಮ್ಮ ನರ ದಣದು ಸುಮ್ಮನಾಗ್ಯಾವ. ನಿಮ್ಮ ಮೂಗಿನ ಲೆಕ್ಕ ಮಗಳ ಎದಿಗೆ ಹಚ್ಚಬ್ಯಾಡ್ರಿ. ಘಾಟು ಎದ್ರ ನಾವು ಮನಿ ಬಾಗಲಾ ತೆಗೀತೇವಿ. ಆಕಿ ಎದಿಯೊಳಗ ಬಾಗಲಾ ಮುಚ್ಚತಾವ. ನೀವು ಹೊರಗಿಂದೂ ಮುಚ್ಚಿದ್ರಿ."

ಗುತ್ತೆವ್ವ ಮುಖ ಮುಚ್ಚಿಕೊಂಡಳು. ಒಂದು ಮಾತು ಉಳಿದಿತ್ತು. ಅದನ್ನು ಕೇಳದೆ ಅವಳಿಗೆ ನೆಮ್ಮದಿಯಿರಲಿಲ್ಲ. "ಪಂಪಿನ ಔಷಧಿ ಕೂಸಿಗೆ ತ್ರಾಸ ಮಾಡ್ತೈತಿ ಅಂತ ಬಚ್ಚಿಟ್ಟೆನ್ರಿ. ಕೂಸಿನ ಸಲುವಾಗಿ."

"ಕೂಸಿಗೆ ಉಸಿರು ಎಲ್ಲಿಂದ ಬರ್ಬೇಕು? ತಾಯಿ ರಕ್ತದಾಗಿಂದ. ತಾಯಿಗೇ ಉಸಿರಿಲ್ಲ ಅಂದ್ರ? ಬಸರಾಗ ಅಸ್ತಮಾದ ಔಷಧಿ ಬಿಟ್ರ ಅಪಾಯ. ಡಾಕ್ಟರು ಕೊಟ್ಟ ಪಂಪ ತಾವಾಗಿ ಎಂದೂ ಬಿಡಬಾರ್ದು. ದಿನದ ಪಂಪ ಬಾವು ಇಳಸ್ತೈತಿ, ಬಾವು ಇಳಿದ್ರ ನರಾನೂ ಶಾಂತ ಆಗ್ತಾವ. ನೀಲಿ ಪಂಪ ಬಿಗಿದ ನಾಳ ಸಡಲ ಮಾಡ್ತೈತಿ. ಬಸುರಿ ಅಂತ ಡಾಕ್ಟರಿಗೆ ಹೇಳಿದ್ರ ಆತು, ಎಷ್ಟು ಬೇಕೋ ಅವರ ಹೇಳ್ತಾರ."

ಒಳಗೆ ಕರೆದರು. ದ್ರಾಕ್ಷಾಯಿಣಿ ದಿಂಬಿಗೆ ಒರಗಿ ಕುಳಿತಿದ್ದಳು. ಸಿಳ್ಳೆ ಇಳಿದಿತ್ತು. ತಲೆಯ ಹೂವು ಬಾಡಿ ಹೆಗಲ ಮೇಲೆ ಬಿದ್ದಿತ್ತು.

"ಅವ್ವಾ, ಪಂಪ ಬಸ್ಸಿನಾಗ ಬಿದ್ದಿರಲಿಲ್ಲ, ಹೌದಲ್ಲ?"

"ಬಿದ್ದಿರಲಿಲ್ಲ. ನಾನ ಬಚ್ಚಿಟ್ಟಿದ್ದೆ. ಇಷ್ಟ ವರ್ಷ ನಾಟಕ ಅಂದದ್ದೂ ನಾನ." ಗುತ್ತೆವ್ವ ಹಾಸಿಗೆಯ ಬದಿಗೆ ಕುಳಿತಳು. "ಬೈಯವಾ ನನಗ. ಬಾಯಿ ತುಂಬ ಬೈ."

"ಈಗ ಬೈಯಾಕ ದಮ್ಮಿಲ್ಲ. ಆರಾಮಾದ ಮ್ಯಾಲ ಬೈತೇನಿ" ಎಂದಳು ಮಗಳು. ತಾಯಿಯ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟಳು. ಈ ಸಲ ಒಳಗಿನಿಂದ ಒಂದು ಒದೆ ಬಿತ್ತು. ಬೈಗುಳ ಅಷ್ಟೇ ಸಾಕಾಯಿತು ಗುತ್ತೆವ್ವನಿಗೆ.

ಕೂಸು ದಿನ ತುಂಬಿಯೇ ಹುಟ್ಟಿತು. ಹೆಣ್ಣು ಕೂಸು, ಸ್ನೇಹಾ ಎಂದು ಹೆಸರಿಟ್ಟರು. ಬಾಣಂತಿ ಕೋಣೆಗೆ ಲೋಬಾನದ ಹೊಗೆ ಹಾಕಬೇಕೆಂದು ಬಂದ ಹಿರಿಯರನ್ನು ಗುತ್ತೆವ್ವ ಬಾಗಿಲಲ್ಲೇ ತಡೆದಳು. "ಹೊಗಿ ನಮ್ಮನಿಯಾಗ ಬಂದ್. ಬೆಚ್ಚಗ ಇರಾಕ ಕಂಬಳಿ ಐತಿ, ಬಿಸಿನೀರೈತಿ." ದೃಷ್ಟಿ ತೆಗೆಯುವುದನ್ನು ಮಾತ್ರ ಬಿಡಲಿಲ್ಲ. ಅದನ್ನು ಬಿಟ್ಟರೆ ಆಕೆ ಗುತ್ತೆವ್ವ ಹೇಗಾದಾಳು? ಆದರೆ ಈಗ ಒಂದು ಹಿಡಿ ಉಪ್ಪು ಇಳಿಸಿ ಬಿಂದಿಗೆಯ ನೀರಿಗೆ ಹಾಕುತ್ತಾಳೆ. ಮನೆಗೆ ಬರುವ ಮುನ್ನ ಮೆಣಸಿನಕಾಯಿ ಧೂಳಿನ ಸೀರೆ ಝಾಡಿಸಿ, ಕೈಕಾಲು ತೊಳೆಯುತ್ತಾಳೆ.

ಆಕೆಯ ತಲೆಬಾಗಿಲ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿರುವುದನ್ನು ಓಣಿಯವರೆಲ್ಲ ನೋಡಿದ್ದಾರೆ. ಅದರ ಪಕ್ಕದ ಮೊಳೆಗೆ, ಯಾರ ಕೈಗಾದರೂ ಎಟಕುವಷ್ಟು ಕೆಳಗೆ, ಮಗಳು ತವರಿನಲ್ಲಿದ್ದಷ್ಟು ದಿನ ಸಣ್ಣ ಬಟ್ಟೆಯ ಚೀಲದಲ್ಲಿ ನೀಲಿ ಪಂಪು ತೂಗುತ್ತದೆ. ಬಂದವರು ಇದೇನು ಎಂದು ಕೇಳಿದರೆ ಗುತ್ತೆವ್ವ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ: "ಇದು ನಮ್ಮ ಮಗಳ ಉಸಿರು. ಒಮ್ಮೆ ಜೋಳದ ಡಬ್ಬಿಯಾಗ ಹುಗದಿದ್ದೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬೈದರೆ ಕೆಮ್ಮುವ, ನಕ್ಕರೆ ಏದುಸಿರು ಬಿಡುವ, ಚಳಿಗಾಳಿಗೆ ಎದೆ ಸುಂಯ್ಗುಡುವ ಒಬ್ಬರು ಇದ್ದಾರೆಯೇ? ನಾಟಕ ಎನ್ನಬೇಡಿ. ಕಣ್ಣಿಗೆ ಕಾಣದ ನರ ಅವರ ಉಸಿರಿನ ದಾರಿಯನ್ನು ಬಿಗಿಯುತ್ತಿದೆ. ಹೊಗೆ, ಘಾಟು ಅವರಿಂದ ದೂರವಿರಲಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಡಾಕ್ಟರು ಕೊಟ್ಟ ಪಂಪನ್ನು ಬಸಿರಲ್ಲೂ, ಬಾಣಂತನದಲ್ಲೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮಾತಾಡಲೂ ಆಗದಷ್ಟು ಉಸಿರು ಕಟ್ಟಿದರೆ ನೆಟ್ಟಗೆ ಕೂರಿಸಿ, ನೀಲಿ ಪಂಪು ಕೊಡಿ, ದವಾಖಾನೆಗೆ ಓಡಿ.

ಈಗ ಈ ಹಾಳೆಯನ್ನು ಕೆಳಗಿಟ್ಟು ಒಮ್ಮೆ ಎದ್ದು ನೋಡಿ ಬನ್ನಿ. ನಿಮ್ಮ ಮನೆಯ ಪಂಪು ಎಲ್ಲಿದೆ?